30 ಟನ್ ತಿಪ್ಪೆ, 27 ಎಚ್‌ಪಿ ಟ್ರ್ಯಾಕ್ಟರ್

ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆ ಬೇಕಾದ ಸಾಮಾನಿಗೆ ಬರವಿಲ್ಲ. ಸೋಗೆ ವರ್ಷವಿಡೀ ಬೀಳುತ್ತದೆ. ನಾರಿನ ಫ್ಯಾಕ್ಟರಿಗಳ ಹಿಂದೆ ನಾರಿನ ಪುಡಿ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ. ಹಸು ಕಟ್ಟಿದ ಮನೆಯಲ್ಲಿ ಸಗಣಿ ಇದ್ದೇ ಇದೆ. ಬದುವಿನಲ್ಲಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಹೊಂಗೆ. ಸಿಗದೇ ಇರುವುದು ಆಳು. ಇಷ್ಟು ದೊಡ್ಡ ತಿಪ್ಪೆಯನ್ನು ಸಲಿಕೆಯಲ್ಲಿ ತಿರುವಿ ಹಾಕಿ ಅಂದರೆ ಯಾರು ಬರುತ್ತಾರೆ? ಬಂದರೂ ಮಾರನೇ ದಿನ ಬರುವುದಿಲ್ಲ.

ಹಾಗಾಗಿ ಈ ವರ್ಷ ಮನೆಯ ಮಿನಿ ಟ್ರ್ಯಾಕ್ಟರ್‌ಗೆ ಮುಂದೆ ಲೋಡರ್ (ಬಕೆಟ್‌ನಲ್ಲಿ ಸಾಮಾನು ತುಂಬಿ ಎತ್ತುವ ತೋಳು) ಕೂರಿಸಿ ಆ ಕೆಲಸ ಮಾಡಿದ್ದೇವೆ. ಗಾಡಿ 27 ಎಚ್‌ಪಿ, ಫೋರ್ ವೀಲ್ ಡ್ರೈವ್. ಲೋಡರ್ ಎತ್ತುವ ಮಿತಿ 300 ಕೆಜಿ. ಇದೇ ಅಳತೆಯ ಗಾಡಿ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಎಚ್‌ಪಿ ಸಾಕಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಸಾಕು. ರಾಶಿಯನ್ನು ಮಾತ್ರ ಟ್ರ್ಯಾಕ್ಟರ್‌ಗೆ ಹೊಂದುವ ಹಾಗೆ ಕಟ್ಟಿರಬೇಕು.

ತಿರುವಲೇಬೇಕಾ?

ಅಪ್ಪ ಮೊದಲ ದಿನವೇ ಕೇಳಿದರು: “ತಿಪ್ಪೆನ ಯಾಕಪ್ಪ ತಿರುವಬೇಕು? ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ರೆ ತಾನಾಗೇ ಕೊಳೆಯುತ್ತಲ್ಲ.” ಅವರ ಮಾತಿನಲ್ಲಿ ತಪ್ಪೇನಿಲ್ಲ. 1939ರಲ್ಲಿ ವಿಜ್ಞಾನಿ ಸಿ. ಎನ್. ಆಚಾರ್ಯ ಅವರು ಬೆಂಗಳೂರಿನಲ್ಲಿ ರೂಪಿಸಿದ್ದು ಹೆಚ್ಚುಕಮ್ಮಿ ಇದೇ. ಗುಂಡಿಯಲ್ಲಿ ಪದರ ಪದರವಾಗಿ ತುಂಬಬೇಕು, ಮೇಲೆ ಕೆಸರು ಮೆತ್ತಿ ಬಿಡಬೇಕು. ಅದಕ್ಕೆ ಬೆಂಗಳೂರು ವಿಧಾನ ಎಂದೇ ಹೆಸರು. ತಿರುವುವ ಗೋಜಿಲ್ಲ. ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ಅದಕ್ಕೂ ಮುಂಚೆ, 1924ರಿಂದ 1931ರವರೆಗೆ, ಇಂಗ್ಲಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಬೆಳೆಸಿದ ವಿಧಾನದಲ್ಲಿ ತಿರುವುವುದೇ ಮುಖ್ಯ. ಗಾಳಿ ಸಿಕ್ಕರೆ ಬೇಗ ಕೊಳೆಯುತ್ತದೆ, ಕಾವೂ ಏರುತ್ತದೆ.

ನಮಗೆ ಎರಡನೆಯದು ಬೇಕಿತ್ತು. ಸಂಕ್ರಾಂತಿ ಕಳೆದ ಮೇಲೆ ಕಟ್ಟಿದ ರಾಶಿ ಮುಂಗಾರಿಗೆ ಮೊದಲು ಮರದ ಬುಡಕ್ಕೆ ಬೀಳಬೇಕು. ಇನ್ನೊಂದು ಕಾರಣ ಕುರುವಾಯಿ ಕೀಟ. ಕೊಂಬಿನ ಆ ದುಂಬಿ ಸುಳಿಯನ್ನು ಕೊರೆಯುತ್ತದೆ. ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದಲ್ಲ, ಅದೇ. ಅದು ಮೊಟ್ಟೆ ಇಡುವುದು, ಮರಿ ಹುಳು ಬೆಳೆಯುವುದು ತಿಪ್ಪೆಯಲ್ಲಿ. ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ತಿಪ್ಪೆ ಅದಕ್ಕೆ ತವರುಮನೆ.

ಜಾಗ ಮತ್ತು ಸಾಲು

ಗುಡ್ಡದ ಹಾಗೆ ದುಂಡಗೆ ಕಟ್ಟಿದ ರಾಶಿಯನ್ನು ಸಣ್ಣ ಟ್ರ್ಯಾಕ್ಟರ್ ತಿರುವಲಾರದು. ನಡುವಿಗೆ ಬಕೆಟ್ ತಲುಪಬೇಕಾದರೆ ಗಾಡಿ ರಾಶಿಯ ಮೇಲೆ ಹತ್ತಬೇಕು. ಗಾಲಿ ಹತ್ತಿದ ಕಡೆ ಸಾಮಾನು ಒತ್ತಿಕೊಂಡು ಗಾಳಿಯಾಡುವುದು ನಿಲ್ಲುತ್ತದೆ. ತಿರುವಲು ಹೋಗಿ ತುಳಿದು ಬಂದ ಹಾಗೆ. ಮೆತ್ತನೆಯ ಇಳಿಜಾರಿನಲ್ಲಿ ಬಕೆಟ್ ಎತ್ತಿಕೊಂಡು ಗಾಡಿ ಮಗುಚುವ ಅಪಾಯ ಬೇರೆ. ಆದ್ದರಿಂದ ಉದ್ದ ಸಾಲು. ಬುಡದಲ್ಲಿ 10 ಅಡಿ ಅಗಲ, 5 ಅಡಿ ಎತ್ತರ, 60 ಅಡಿ ಉದ್ದ. ಎತ್ತರ ಇದಕ್ಕಿಂತ ಜಾಸ್ತಿಯಾದರೆ ತನ್ನ ಭಾರಕ್ಕೆ ತಾನೇ ಕುಸಿದು ಬುಡ ಉಸಿರು ಕಟ್ಟುತ್ತದೆ. ಮೂರು ಅಡಿಗಿಂತ ಕಮ್ಮಿಯಾದರೆ ಕಾವು ನಿಲ್ಲುವುದಿಲ್ಲ.

ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಹಿಡಿಯುವಷ್ಟು ಜಾಗ ಖಾಲಿ ಬಿಟ್ಟೆವು. ಎರಡರ ತುದಿಯಲ್ಲಿ ಗಾಡಿ ತಿರುಗಲು 20 ಅಡಿ. ತಿರುವುವುದು ಎಂದರೆ ಇಲ್ಲಿ ಇದ್ದಲ್ಲೇ ಕಲಕುವುದಲ್ಲ. ಇಡೀ ಸಾಲನ್ನು ಎತ್ತಿ ಪಕ್ಕಕ್ಕೆ ಹಾಕುವುದು. ಮುಂದಿನ ಸಲ ಮತ್ತೆ ಮೊದಲಿನ ಜಾಗಕ್ಕೆ.

ನೆಲ ಗಟ್ಟಿ ಇರಬೇಕು. ಮೆತ್ತನೆ ಮಣ್ಣಾದರೆ ಬಕೆಟ್ ಪ್ರತಿ ಸಲ ಒಂದಿಷ್ಟು ಮಣ್ಣು, ಕಲ್ಲು ಎತ್ತಿಕೊಳ್ಳುತ್ತದೆ. ಕೊನೆಗೆ ಗೊಬ್ಬರದಲ್ಲಿ ಮಣ್ಣೇ ಜಾಸ್ತಿ. ಗರಸು ಹೊಡೆಸಿ, ನೀರು ಹಾಕಿ, ಖಾಲಿ ಟ್ರ್ಯಾಕ್ಟರ್ ಓಡಾಡಿಸಿ ಗಟ್ಟಿ ಮಾಡಿದೆವು. 100 ಅಡಿಗೆ 2 ಅಡಿಯಷ್ಟು ಇಳಿಜಾರು ಕೊಟ್ಟು, ಸಾಲನ್ನು ಇಳಿಜಾರಿನ ಉದ್ದಕ್ಕೇ ಹಾಕಿದೆವು. ಅಡ್ಡ ಹಾಕಿದರೆ ಮಳೆ ಬಂದಾಗ ಸಾಲೇ ಒಡ್ಡಾಗಿ ನೀರು ನಿಲ್ಲಿಸಿಕೊಳ್ಳುತ್ತದೆ.

ಸಾಮಾನು

ನಾರಿನ ಪುಡಿಯಲ್ಲಿ ಇಂಗಾಲ ಸಾರಜನಕದ ನೂರು ಪಟ್ಟಿಗೂ ಜಾಸ್ತಿ. ಸಗಣಿಯಲ್ಲಿ 20–25 ಪಟ್ಟು, ಗೊಬ್ಬರದ ಗಿಡದ ಸೊಪ್ಪಿನಲ್ಲಿ ಇನ್ನೂ ಕಮ್ಮಿ. ಒಟ್ಟು ರಾಶಿ 25–30ಕ್ಕೆ ಬಂದರೆ ಚೆನ್ನಾಗಿ ಕಾಯುತ್ತದೆ. ಹಾಗಾಗಿ ನಾರಿನ ಪುಡಿಯನ್ನು ಕಾಲು ಭಾಗಕ್ಕಿಂತ ಜಾಸ್ತಿ ಹಾಕಲಿಲ್ಲ. ಮಿಕ್ಕಿದ್ದು ಸಗಣಿ, ಕೊಟ್ಟಿಗೆಯ ಗಂಜಲದ ಹುಲ್ಲು, ಸೊಪ್ಪು, ಸೋಗೆಯ ಗರಿ, ದನ ತಿಂದು ಬಿಟ್ಟ ರಾಗಿ ಹುಲ್ಲು. ಸೋಗೆಯ ದಪ್ಪ ಬುಡ, ಅಂದರೆ ಎಡೆಮಟ್ಟೆಯನ್ನು ಹಾಕಲೇ ಇಲ್ಲ. ಅದು ಒಲೆಗೆ ಸರಿ, ತಿಪ್ಪೆಗಲ್ಲ. ವರ್ಷವಾದರೂ ಹಾಗೇ ಇರುತ್ತದೆ, ಬಕೆಟ್‌ಗೂ ಸಿಕ್ಕಿಕೊಳ್ಳುತ್ತದೆ.

ಬರೀ ನಾರಿನ ಪುಡಿಯನ್ನೇ ಕೊಳೆಸಬೇಕು ಅನ್ನುವವರಿಗೆ ಕಾಯರ್ ಬೋರ್ಡಿನ ಪಿತ್‌ಪ್ಲಸ್ ಇದೆ. ಅದು ಅಣಬೆ ಜಾತಿಯ ಬೀಜ. ಕಾಯುವ ರಾಶಿಗೆ ಅದನ್ನು ಹಾಕಿದರೆ ದಂಡ, ಬಿಸಿಗೆ ಸಾಯುತ್ತದೆ. ಅದರ ದಾರಿಯೇ ಬೇರೆ.

ಬಕೆಟ್‌ಗೆ ಹಲ್ಲು

ಲೋಡರ್ ಜೊತೆ ಬಂದ ಬಕೆಟ್ ಮರಳು, ಮಣ್ಣಿಗೆ ಮಾಡಿದ್ದು. ಅಂಚು ಚಪ್ಪಟೆ. ಹುಲ್ಲು, ಗರಿ ಸೇರಿದ ಹಸಿ ರಾಶಿಗೆ ಅದು ನುಗ್ಗುವುದಿಲ್ಲ, ತಳ್ಳುತ್ತದೆ. ತಳ್ಳಿದಷ್ಟೂ ಸಾಮಾನು ಗಟ್ಟಿಯಾಗುತ್ತದೆ, ಗಾಲಿ ಜಾರುತ್ತದೆ. ಹಲ್ಲು ಬೇಕೇ ಬೇಕು.

ಬಕೆಟ್‌ಗೇ ವೆಲ್ಡ್ ಮಾಡಿಸಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ತಯಾರಾದ ಗೊಬ್ಬರ ತುಂಬುವಾಗ ಚಪ್ಪಟೆ ಅಂಚೇ ಚೆನ್ನ. ಆದ್ದರಿಂದ ಬಿಚ್ಚಿ ಹಾಕುವ ಹಲ್ಲಿನ ಪಟ್ಟಿ. 4 ಅಡಿ ಉದ್ದದ 65 ಎಂಎಂ ಆಂಗ್ಲರ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ತೆಗೆದುಕೊಂಡು, ಅದರ ಮೇಲೆ ಅರ್ಧ ಅಡಿಗೊಂದರಂತೆ 25 ಎಂಎಂ ಚೌಕದ ಸರಳು. ಪ್ರತಿ ಸರಳು 2 ಅಡಿ, ತುದಿ ಕಾಯಿಸಿ ಬಡಿದು ಚೂಪು ಮಾಡಿದ್ದು. ಆಂಗ್ಲರ್ ಬಕೆಟ್ ಅಂಚಿನ ಮೇಲೆ ಕೂರುತ್ತದೆ. ಅಂಚಿನಲ್ಲಿ ತೂತು ಹೊಡೆದು 16 ಎಂಎಂ ಬೋಲ್ಟ್ ಹಾಕಿದೆವು, ನಟ್ ಕೆಳಗಲ್ಲ, ಒಳಗೆ. ಕೆಳಗಿದ್ದರೆ ನೆಲಕ್ಕೆ ಉಜ್ಜಿ ಎರಡೇ ದಿನದಲ್ಲಿ ಸವೆದು ಬಿಚ್ಚಲು ಬಾರದಂತಾಗುತ್ತದೆ.

ವೆಲ್ಡಿಂಗ್ ಅಂಗಡಿಯ ಹುಡುಗ ಒಂದು ಮಾತು ಹೇಳಿದ. “ಅಣ್ಣ, ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡೋಣ, ಬಗ್ಗೋದೇ ಇಲ್ಲ.” ಬಗ್ಗದೇ ಇರುವುದೇ ತೊಂದರೆ. ನೆಲದಲ್ಲಿ ಬಂಡೆಯ ಮೂಲೆಯೋ ಬೇರೋ ಸಿಕ್ಕರೆ ಎಲ್ಲೋ ಒಂದು ಕಡೆ ಸೋಲಬೇಕು. ಹಲ್ಲು ಸೋಲದಿದ್ದರೆ ಬಕೆಟ್ ಅಂಚು ಹರಿಯುತ್ತದೆ, ಇಲ್ಲವೇ ಲೋಡರ್ ತೋಳಿನ ಪಿನ್ ಹೋಗುತ್ತದೆ. ಸಾದಾ ಕಬ್ಬಿಣದ ಸರಳು ಬಗ್ಗಿದರೆ ಪೈಪ್ ತೂರಿಸಿ ನೆಟ್ಟಗೆ ಮಾಡಿಕೊಂಡರಾಯಿತು. ಸ್ಪ್ರಿಂಗ್ ಪಟ್ಟಿಗೆ ಸುಮ್ನೆ ವೆಲ್ಡ್ ಹೊಡೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ, ಅದೂ ಇದೆ. ಹುಡುಗ ಒಪ್ಪಿದ, ಆದರೆ ಮನಸ್ಸಿಲ್ಲದೆ.

ಪಟ್ಟಿಯ ಒಟ್ಟು ತೂಕ 35 ಕೆಜಿ ಹತ್ತಿರ. ಲೋಡರ್ ಎತ್ತುವ ಶಕ್ತಿಯಲ್ಲಿ ಅಷ್ಟು ಕಮ್ಮಿಯಾಯಿತು. ಅಷ್ಟೇ ಅಲ್ಲ, ತೂಕ ಬಕೆಟ್‌ಗಿಂತ ಮುಂದಿದೆ, ಹಾಗಾಗಿ ಇನ್ನೂ ಜಾಸ್ತಿ ಎಂದೇ ಲೆಕ್ಕ. ಹಿಂದೆ ಭಾರ ಇಲ್ಲದಿದ್ದರೆ ತುಂಬಿದ ಬಕೆಟ್ ಎತ್ತಿದಾಗ ಹಿಂದಿನ ಗಾಲಿ ಹಗುರಾಗುತ್ತದೆ. ನಮ್ಮ ಗಾಡಿಗೆ 4 ಅಡಿ ರೋಟವೇಟರ್ (ತಿರುಗುವ ಬ್ಲೇಡಿನಲ್ಲಿ ಮಣ್ಣು ಪುಡಿ ಮಾಡುವ ಉಪಕರಣ) ಹಿಂದೆ ನೇತುಹಾಕಿಕೊಂಡೆವು. ಅದೇ 200 ಕೆಜಿ ಮೇಲಿದೆ. ಪ್ರತ್ಯೇಕ ಕಾಂಕ್ರೀಟ್ ಬ್ಲಾಕ್ ಮಾಡಿಸುವ ಖರ್ಚು ಉಳಿಯಿತು, ಮಧ್ಯೆ ಮಧ್ಯೆ ಅದರಿಂದ ಕೆಲಸವೂ ಆಯಿತು. ಆ ಕೆಲಸ ತಂದಿಟ್ಟ ರಿಪೇರಿ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲ ತಿರುವು

ರಾಶಿ ಕಟ್ಟಿದ ಮೂರು ನಾಲ್ಕು ದಿನಕ್ಕೆ ಕಾವು ಏರುತ್ತದೆ. ಉದ್ದ ಕಡ್ಡಿಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಬ್ಬಿಣದ ಸಲಾಕೆ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಹಿಡಿಯಲು ಆಗದಿದ್ದರೆ ಕಾವು ಚೆನ್ನಾಗಿದೆ ಎಂದರ್ಥ. 55ರಿಂದ 65 ಡಿಗ್ರಿ ನಮಗೆ ಬೇಕಾದ್ದು. ಕಾಂಗ್ರೆಸ್ ಗಿಡದ ಬೀಜ, ರೋಗದ ಸೂಕ್ಷ್ಮಜೀವಿ ಸಾಯುವುದು ಅಲ್ಲಿ. 70 ದಾಟಿದರೆ ಕೊಳೆಸುವ ಜೀವಿಗಳೂ ಸಾಯುತ್ತವೆ, ಆಗ ತಕ್ಷಣ ತಿರುವಬೇಕು. 70 ದಾಟದಿದ್ದರೆ, ಏರಿದ ಕಾವು ಇಳಿಯಲು ಶುರುವಾದಾಗ.

ಕೆಲಸದ ಕ್ರಮ ಹೀಗೆ. ಗಾಡಿ ಲೋ ರೇಂಜ್, ಒಂದನೇ ಗೇರ್, ಫೋರ್ ವೀಲ್ ಹಾಕಿ. ಸಾಲಿನ ತುದಿಯಿಂದ ಶುರು, ಪಕ್ಕದಿಂದ ಅಲ್ಲ. ಹಲ್ಲನ್ನು ನೆಲಕ್ಕಿಂತ ಎರಡು ಬೆರಳು ಮೇಲೆ ಇಟ್ಟು ನುಗ್ಗಿಸಬೇಕು. ಗಾಡಿ ಭಾರ ಎಳೆಯಲು ಶುರುವಾದ ಕೂಡಲೇ ನಿಲ್ಲಿಸಿ ಬಕೆಟ್ ಹಿಂದಕ್ಕೆ ಮಡಚಿ ಎತ್ತಬೇಕು. ಇನ್ನೂ ಒಂದು ಅಡಿ ಹೋಗುತ್ತದೆ ಅನ್ನಿಸಿದರೂ ಬೇಡ. ರಿವರ್ಸ್, ಅರ್ಧ ಸುತ್ತು, ಹೊಸ ಸಾಲಿನ ಬಾಯಿಗೆ. ಅಲ್ಲಿ ಬಕೆಟ್ ಮೇಲೆತ್ತಿ ನಿಧಾನ ಬಗ್ಗಿಸಿ, ಲಿವರ್ ಎರಡು ಸಲ ಅಲ್ಲಾಡಿಸಿದರೆ ಸಾಮಾನು ಉದುರಿ ಬೀಳುತ್ತದೆ. ಗಾಳಿ ಸೇರುವುದು ಆ ಬೀಳುವಾಗಲೇ. ಒಟ್ಟಿಗೆ ದಬಕ್ಕನೆ ಸುರಿದರೆ ಮುದ್ದೆ ಮುದ್ದೆಯಾಗಿಯೇ ಕೂರುತ್ತದೆ. ಓಡಾಡುವಾಗ ಬಕೆಟ್ ಮೊಣಕಾಲ ಎತ್ತರದಲ್ಲಿರಲಿ, ಸುರಿಯುವ ಜಾಗದಲ್ಲಿ ಮಾತ್ರ ಮೇಲೆ.

ಹೊರಗಿನ ಒಣ ಪದರ ಹೊಸ ಸಾಲಿನ ಒಳಗೆ ಹೋಗಬೇಕು. ಅದಕ್ಕೆ ಪ್ರತಿ ನಾಲ್ಕೈದು ಅಡಿಗೆ ಮೊದಲು ಎರಡೂ ಪಕ್ಕದ ಸಿಪ್ಪೆಯನ್ನು ಕೆರೆದು ಬುಡಕ್ಕೆ ಹಾಕಿ, ಆಮೇಲೆ ನಡುವಿನದನ್ನು ಅದರ ಮೇಲೆ ಹಾಕಿದೆವು. ಅಪ್ಪ ಪಕ್ಕದಲ್ಲಿ ನಿಂತು ಪೈಪ್ ಹಿಡಿದರು. ಕಟ್ಟಿದ ಸಾಲಿನ ಮೇಲೆ ನೀರು ಬಿಟ್ಟರೆ ಪಕ್ಕಕ್ಕೆ ಜಾರಿ ಹೋಗುತ್ತದೆ, ನಡುವೆ ಹನಿಯೂ ಇಳಿಯುವುದಿಲ್ಲ. ತಿರುವುವಾಗ ಕೊಟ್ಟ ನೀರೇ ನೀರು. ನಡುಭಾಗ ಬೂದಿ ಹಿಡಿದ ಹಾಗೆ ಬೆಳ್ಳಗಿದ್ದರೆ ಕಾವು ಜಾಸ್ತಿ, ತೇವ ಕಮ್ಮಿ. ಅಲ್ಲಿಗೆ ಧಾರಾಳವಾಗಿ ಬಿಡಬಹುದು. ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಬರಬೇಕು. ಧಾರೆಯಾದರೆ ಅತಿ. ನಾರಿನ ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಹಿಡಿದುಕೊಳ್ಳುತ್ತದೆ, ನೋಡಲು ಒಣಗಿದ ಹಾಗೆಯೇ ಕಾಣುತ್ತದೆ. ಕಣ್ಣು ನಂಬಬೇಡಿ, ಹಿಂಡಿ ನೋಡಿ.

ಎಷ್ಟು ಹೊತ್ತು ಹಿಡಿಯುತ್ತದೆ? ಲೆಕ್ಕ ಹಾಕಬಹುದು. ಸಾಲಿನ ಬೆನ್ನು ದುಂಡಗಿರುವುದರಿಂದ ಅಗಲ, ಎತ್ತರ, ಉದ್ದ ಗುಣಿಸಿ ಮೂರರಲ್ಲಿ ಎರಡು ಪಾಲು ತೆಗೆದುಕೊಳ್ಳಿ. 2000 ಘನ ಅಡಿ. ಹದವಾದ ತೇವದಲ್ಲಿ ಘನ ಅಡಿಗೆ 15 ಕೆಜಿ, ಒಟ್ಟು 30 ಟನ್. ನಮ್ಮ ಬಕೆಟ್ ಹಿಡಿಯುವುದು 6 ಘನ ಅಡಿ. ನಿಮಿಷಕ್ಕೊಂದು ಬಕೆಟ್ ಎಂದರೆ ಐದೂವರೆ ಗಂಟೆ. ನೀರು, ಟೀ, ಸಿಕ್ಕಿದ ಸೋಗೆ ಎಳೆಯುವುದು ಸೇರಿ ಒಂದು ದಿನದ ಕೆಲಸ. ಡೀಸೆಲ್ ಗಂಟೆಗೆ ಎರಡು, ಎರಡೂವರೆ ಲೀಟರ್. ಜೆಸಿಬಿ ಕರೆಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ, ನಿಜ. ಆದರೆ ತಿರುವಬೇಕಾದ ದಿನ ಅದು ಇನ್ನೊಬ್ಬರ ಹೊಲದಲ್ಲಿರುತ್ತದೆ.

ಈ ಕೆಲಸದಲ್ಲಿ ಸವೆಯುವುದು ಕ್ಲಚ್ ಮತ್ತು ಮುಂದಿನ ಟಯರ್. ಹಿಂದೆ ಮುಂದೆ, ಹಿಂದೆ ಮುಂದೆ. ಅರ್ಧ ಕ್ಲಚ್‌ನಲ್ಲಿ ನುಗ್ಗಿಸುವ ಅಭ್ಯಾಸ ಬಿಡಬೇಕು. ರೇಡಿಯೇಟರ್ ಜಾಲರಿ ಗಂಟೆಗೊಮ್ಮೆ ನೋಡಲೇಬೇಕು. ನಾರಿನ ಪುಡಿ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ. ಹೊರಗಿನಿಂದ ನೀರು ಹೊಡೆದರೆ ಒಳಗೆ ಇನ್ನೂ ಗಟ್ಟಿಯಾಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಫ್ಯಾನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯಬೇಕು. ಓಡಿಸುವವರ ಮೂಗು ಬಾಯಿಗೆ ಬಟ್ಟೆ ಇರಲಿ. ಹಬೆಯ ಜೊತೆ ಏಳುವ ಧೂಳಿನಲ್ಲಿ ಬೂಷ್ಟಿನ ಕಣ ತುಂಬಾ ಇರುತ್ತದೆ, ಉಸಿರಾಟದ ತೊಂದರೆ ಇದ್ದವರು ಹತ್ತಿರ ಸುಳಿಯುವುದೇ ಬೇಡ.

ರೋಟವೇಟರ್ ಸೀಲ್

ಎರಡನೇ ತಿರುವಿನಲ್ಲಿ ಸೊಪ್ಪಿನ ಕಡ್ಡಿ, ಹುಲ್ಲಿನ ಮುದ್ದೆ ಹಾಗೇ ಇದ್ದ ಭಾಗವನ್ನು ಒಂದು ಅಡಿ ದಪ್ಪಕ್ಕೆ ಹರಡಿ ಮೇಲೆ ರೋಟವೇಟರ್ ಓಡಿಸಿದೆವು. ಚೆನ್ನಾಗಿ ಪುಡಿಯಾಯಿತು. ಪುಡಿಯಾದದ್ದು ಬೇಗ ಕಾಯಿತು ಕೂಡ. ಆದರೆ ಸಂಜೆ ತೊಳೆಯುವಾಗ ಎಡಬದಿಯ ತುದಿಯಲ್ಲಿ ಎಣ್ಣೆ ಹತ್ತಿದ ಕಪ್ಪು ಧೂಳು ಕಂಡಿತು. ಇದು ತೆಂಗಿನ ನಾರಿನ ಕೆಲಸ. ನಾರು ರೋಟರ್ ತುದಿಗೆ ಸುತ್ತಿಕೊಂಡು, ಬಿಗಿಯುತ್ತಾ ಬಿಗಿಯುತ್ತಾ ಸಂದಿಯೊಳಗೆ ಇಳಿದು ಆಯಿಲ್ ಸೀಲಿನ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ತುಟಿಯನ್ನು ಕತ್ತರಿಸುತ್ತದೆ. ಎಣ್ಣೆ ಹೋದದ್ದು ಗೊತ್ತಾಗದೆ ಓಡಿಸಿದರೆ ಬೇರಿಂಗು, ಗೇರು ಎಲ್ಲ ಸಾಲಾಗಿ ಹೋಗುತ್ತವೆ.

ಮನೆಯಲ್ಲೇ ಬಿಚ್ಚಿದೆವು. ಪಿಟಿಒ (ಎಂಜಿನ್ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ಶಾಫ್ಟ್) ಬಿಡಿಸಿ, ಎಂಜಿನ್ ನಿಲ್ಲಿಸಿ, ರೋಟವೇಟರ್ ಕೆಳಗೆ ಮರದ ದಿಮ್ಮಿ ಕೊಟ್ಟು. ಹೈಡ್ರಾಲಿಕ್ ನಂಬಿ ಕೆಳಗೆ ಕೈ ಹಾಕಬಾರದು. ಸುತ್ತಿದ ನಾರನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡ ಕೊಯ್ದು ಕಿತ್ತೆವು. ಎಣ್ಣೆ ಬಸಿದು, ರೋಟರ್ ಚಾಚಿನ (ಫ್ಲಾಂಜ್) ಬೋಲ್ಟ್ ಬಿಚ್ಚಿ ಶಾಫ್ಟ್ ಹೊರಗೆ ತೆಗೆದಾಗ ಸೀಲ್ ಕೂರುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಹೊಸ ಸೀಲನ್ನು ಅದೇ ಆಳಕ್ಕೆ ಹೊಡೆದರೆ ತುಟಿ ಅದೇ ಗೆರೆಯ ಮೇಲೆ ಕೂತು ಮತ್ತೆ ಸೋರುತ್ತದೆ. ಎರಡು ಮಿಲಿಮೀಟರ್ ಹೊರಗೆ ನಿಲ್ಲಿಸಿ ಕೂರಿಸಿದೆವು, ತುಟಿ ಹೊಸ ಜಾಗಕ್ಕೆ ಬಿತ್ತು. ತುಟಿಗಳ ಮಧ್ಯೆ ಗ್ರೀಸ್, ಒಳಗೆ 90 ನಂಬರ್ ಗೇರ್ ಆಯಿಲ್. ಸೀಲ್ ಹೊಡೆಯಲು ಸುತ್ತಿಗೆಯಲ್ಲಿ ನೇರ ಬಡಿಯದೆ ಅದೇ ಅಗಲದ ಪೈಪ್ ತುಂಡು ಇಟ್ಟು ಬಡಿದರೆ ಓರೆಯಾಗುವುದಿಲ್ಲ.

ಇಷ್ಟಕ್ಕೇ ಬಿಟ್ಟರೆ ಮುಂದಿನ ವಾರ ಇದೇ ಕತೆ. ಅದಕ್ಕೆ ದಪ್ಪ ಪೈಪಿನಿಂದ ಒಂದು ಬಳೆ ಕತ್ತರಿಸಿ, ಪಕ್ಕದ ಪ್ಲೇಟಿಗೆ ವೆಲ್ಡ್ ಮಾಡಿಸಿದೆವು. ಬಳೆ ಚಾಚಿನ ಅಂಚಿನ ಮೇಲೆ ಮುಸುಕಿನಂತೆ ನಿಲ್ಲುತ್ತದೆ, ನಡುವೆ ಮೂರು ಮಿಲಿಮೀಟರ್ ಸಂದಿ. ನಾರು ಈಗಲೂ ಸುತ್ತುತ್ತದೆ, ಆದರೆ ಬಳೆಯ ಹೊರಗೆ. ಬಲಬದಿಗೂ ಒಂದು ಹಾಕಿಸಿದ್ದೇವೆ. ವೆಲ್ಡ್ ಮಾಡುವಾಗ ಅರ್ತ್ ಕ್ಲಿಪ್ಪನ್ನು ಅದೇ ಪ್ಲೇಟಿಗೆ ಹಾಕಿ ಅಂತ ಹೇಳಿ. ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಗುಂಡುಗಳ ಮೇಲೆ ಚುಕ್ಕೆ ಬೀಳುತ್ತದೆ.

ಹುಳು

ಮೂರನೇ ತಿರುವಿಗೆ ಬುಡ ತೆರೆದಾಗ ಬೆಳ್ಳಕ್ಕಿ, ಗೊರವಂಕ, ಕಾಗೆ ಎಲ್ಲಾ ಹಾಜರು. ನಡುವಿನ ಬಿಸಿಯಲ್ಲಿ ಒಂದು ಹುಳುವೂ ಇಲ್ಲ. ಇದ್ದದ್ದು ತಣ್ಣಗಿನ ಅಂಚಿನಲ್ಲಿ, ಬೆರಳು ದಪ್ಪದ, ಕೊಕ್ಕೆಯಂತೆ ಮುದುಡಿದ ಬಿಳಿ ಹುಳು. ತಿರುವಿದಾಗ ಅಂಚು ನಡುವಿಗೆ ಹೋಗುತ್ತದೆ, ಬಿಸಿಗೆ ಸಿಕ್ಕಿ ಸಾಯುತ್ತದೆ. ಬದುಕಿದ್ದನ್ನು ಹಕ್ಕಿ ಹೆಕ್ಕುತ್ತದೆ. ಇದರಷ್ಟು ಅಗ್ಗದ ಕುರುವಾಯಿ ಔಷಧ ನನಗೆ ಬೇರೆ ಕಂಡಿಲ್ಲ.

ಈ ಹುಳುವನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಹಾಕುವವರು ರಾಶಿ ತಣಿದ ಮೇಲೆ ಹಾಕಬೇಕು. ಕಾಯುವ ರಾಶಿಯಲ್ಲಿ ಅದೂ ಬೆಂದುಹೋಗುತ್ತದೆ. ನಾವು ಕೊನೆಯ ತಿರುವಿನಲ್ಲಿ, ಕಾವು ಕೈಗೆ ಹಿತವೆನ್ನಿಸುವಷ್ಟಕ್ಕೆ ಇಳಿದಾಗ, ನೀರಿನಲ್ಲಿ ಕಲಸಿ ಅಂಚಿನ ಕಡೆಗೆ ಚಿಮುಕಿಸಿದೆವು.

ಎಷ್ಟು ಸಲ ತಿರುವಬೇಕು ಎನ್ನುವುದಕ್ಕೆ ಒಂದೇ ಉತ್ತರವಿಲ್ಲ. ಅಮೆರಿಕದಲ್ಲಿ ಚರಂಡಿ ಕೆಸರನ್ನು ಸಾಲಿನಲ್ಲಿ ಕೊಳೆಸುವವರಿಗೆ 15 ದಿನ 55 ಡಿಗ್ರಿ, ಅಷ್ಟರಲ್ಲಿ ಐದು ತಿರುವು ಎಂಬ ನಿಯಮವಿದೆ. ನಮ್ಮದು ಸಗಣಿ, ಸೊಪ್ಪು. ಅಷ್ಟು ಆತುರ ಬೇಡ. ತಿರುವಿದ ಮೇಲೂ ಕಾವು ಏರದಿದ್ದರೆ, ತೇವ ಸರಿ ಇದ್ದರೆ, ಮುಗಿಯಿತು ಎಂದು ಬಿಟ್ಟುಬಿಡಿ. ಆಮೇಲೆ ಒಂದು ತಿಂಗಳು ಸುಮ್ನೆ ಮಾಗಲಿ.

ತುಂಬಿ ಹೊರುವುದು

ಸಾಲು ಅರ್ಧಕ್ಕೆ ಇಳಿದಿದೆ. ತೂಕದಲ್ಲೂ ಸುಮಾರು ಅರ್ಧ. ತೆಂಗಿಗೆ ವರ್ಷಕ್ಕೆ ಮರಕ್ಕೆ 50 ಕೆಜಿ ಎಂಬ ಶಿಫಾರಸಿನ ಪ್ರಕಾರ ಮುನ್ನೂರು ಮರಕ್ಕೆ ಆಗುವಷ್ಟು. ಹಲ್ಲಿನ ಪಟ್ಟಿ ಬಿಚ್ಚಿಟ್ಟು ಈಗ ಬರೀ ಬಕೆಟ್‌ನಲ್ಲಿ ಟ್ರೈಲರ್ ತುಂಬುತ್ತಿದ್ದೇವೆ. ಪುಡಿ ಗೊಬ್ಬರ ಹಲ್ಲಿನ ಸಂದಿನಲ್ಲಿ ನಿಲ್ಲುವುದಿಲ್ಲ. ಹಲ್ಲುಗಳಲ್ಲಿ ಎರಡು ಬಗ್ಗಿವೆ, ಬಕೆಟ್ ಅಂಚು ನೆಟ್ಟಗಿದೆ. ವೆಲ್ಡಿಂಗ್ ಹುಡುಗನಿಗೆ ತೋರಿಸಿದೆ. “ಸ್ಪ್ರಿಂಗ್ ಪಟ್ಟಿ ಆಗಿದ್ರೆ ಬಗ್ತಾನೇ ಇರ್ಲಿಲ್ಲ ಅಣ್ಣ” ಅಂದ.

ಮುಂದಿನ ಸಾಲನ್ನು ಬುಡದಲ್ಲಿ 8 ಅಡಿಗೆ ಇಳಿಸುತ್ತೇನೆ. ಬಕೆಟ್ 4 ಅಡಿ ಇರುವುದರಿಂದ ಸರಿಯಾಗಿ ಎರಡು ಸಲಕ್ಕೆ ತುದಿ ಖಾಲಿಯಾಗುತ್ತದೆ, ನಡುವೆ ಉಳಿಯುವ ಎರಡು ಅಡಿಗೆ ಗಾಡಿ ಮತ್ತೆ ಓರೆ ಮಾಡಿಕೊಂಡು ಬರಬೇಕಾಗಿಲ್ಲ.